ಕೆನ್ನೆಯೊಳಗಿನ ಮಾತು

ಒಂದೂರಲ್ಲಿ ಒಬ್ಬಳು ಹುಡುಗಿಯಿದ್ದಳಂತೆ. ಅವಳ ಬಾಯಲ್ಲಿ ಒಂದು ಮಾತಿತ್ತಂತೆ. ಆ ಮಾತು ಅವಳದಲ್ಲವಂತೆ. ಮುದಿ ರಾಣಿಯೊಬ್ಬಳು ಸಾಯುವ ಮುಂಚೆ ಅವಳನ್ನು ಹತ್ತಿರ ಕರೆದು, ಬಾಯಿ ತೆಗೆಸಿ, ನಾಲಿಗೆಯ ಮೇಲೆ ಆ ಮಾತನ್ನಿಟ್ಟು, ಇದನ್ನು ಒಂಬತ್ತು ಬಾಗಿಲಾಚೆ ಕೂತಿರುವವಳಿಗೆ ಮುಟ್ಟಿಸು, ದಾರಿಯಲ್ಲಿ ನುಂಗಬೇಡ, ಉಗುಳಬೇಡ, ಯಾರಿಗೂ ತೋರಿಸಬೇಡ ಅಂದಿದ್ದಳಂತೆ. ಹುಡುಗಿ ಅದನ್ನು ಎಡಗೆನ್ನೆಯೊಳಗೆ ಒತ್ತರಿಸಿಕೊಂಡು ಹೊರಟಳಂತೆ. ಮೊದಲನೆಯ ಬಾಗಿಲಲ್ಲಿ ಕಾವಲುಗಾರ ಉಂಡು ಹೋಗೆಂದ. ಉಣ್ಣಲು ಬಾಯಿ ತೆಗೆಯುವಂತಿಲ್ಲ. ಎರಡನೆಯ ಬಾಗಿಲಲ್ಲಿ ಚಂದದವನೊಬ್ಬ ಹೆಸರು ಕೇಳಿದ. ಹೇಳಲು ಬಾಯಿ ತೆಗೆಯುವಂತಿಲ್ಲ. ಮೂರನೆಯ ಬಾಗಿಲಿಗೆ ಬರುವಷ್ಟರಲ್ಲಿ ಅಜ್ಜಿಗೆ ಜೊಂಪು ಹತ್ತುತ್ತಿತ್ತು. ಅಜ್ಜಿಯ ಕಥೆಗಳೆಲ್ಲ ನಿದ್ದೆಯಲ್ಲೇ ಮುಗಿಯುತ್ತಿದ್ದವು, ಕೇಳುವವಳ ನಿದ್ದೆಯಲ್ಲಲ್ಲ, ಹೇಳುವವಳ ನಿದ್ದೆಯಲ್ಲಿ. "ಆಮೇಲೇನಾಯ್ತು ಅಜ್ಜಿ?" ಎಂದು ಭುಜ ಅಲುಗಿಸಿದರೆ, "ಹೋಗ್ತಾ ಇದಾಳೆ ಕಣೆ, ಇನ್ನೂ ದೂರ ಇದೆ, ನೀನೂ ಮಲಕ್ಕೊ" ಎಂದು ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು.

ಆ ಕಥೆಯ ಹುಡುಗಿ ಇನ್ನೂ ಹೋಗುತ್ತಲೇ ಇದ್ದಾಳೆ ಎಂದು ಮೊಮ್ಮಗಳಿಗೆ ಅನ್ನಿಸಿದ್ದು ಈಸ್ಟರಿಗೆ ಮುಂಚಿನ ಗುರುವಾರ ಬೆಳಿಗ್ಗೆ, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ, ಕಿಟಕಿಯ ಪಕ್ಕದ ತನ್ನ ಮೇಜಿನ ಮುಂದೆ ಕೂತು ಗುಲಾಬಿ ಬಣ್ಣದ ಮೇಣದೊಳಗೆ ಒಂದು ಕೋರೆಹಲ್ಲು ನೆಡುತ್ತಿದ್ದಾಗ. ಸ್ಪಿರಿಟ್ ದೀಪದ ನೀಲಿ ನಾಲಿಗೆಗೆ ಚಾಕುವಿನ ತುದಿ ತೋರಿಸಿ, ಮೇಣ ಕರಗಿಸಿ, ಹಲ್ಲು ಒತ್ತಿ, ಊದಿ ಆರಿಸುವ ಕೆಲಸ. ಎದುರಿಗೆ ಮುನ್ನೂರ ಹನ್ನೆರಡನೆಯ ನಂಬರಿನ ಬಾಯಿ ತೆರೆದುಕೊಂಡು ಕೂತಿತ್ತು. ಸುಣ್ಣದಂತೆ ಬಿಳಿಯ ಎರಡು ಅಚ್ಚು, ಮೇಲ್ದವಡೆ, ಕೆಳದವಡೆ, ನಡುವೆ ಹಿತ್ತಾಳೆಯ ಕೀಲು. ಯಾವ ಮುಖಕ್ಕೆ ಸೇರಿದ ಬಾಯೋ ಅವಳಿಗೆ ಗೊತ್ತಿರುವುದಿಲ್ಲ. ಒಸಡು ಸವೆದ ರೀತಿಯಲ್ಲಿ ಮುದುಕಿಯೆಂದು ಮಾತ್ರ ತಿಳಿಯುತ್ತದೆ, ಎಡಗಡೆ ಅಗಿಯುವವಳೆಂದು, ಬಹಳ ದಿನ ಹಲ್ಲಿಲ್ಲದೆ ಇದ್ದವಳೆಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಹಲ್ಲುಗಳನ್ನು ಮಣಿ ಪೋಣಿಸಿದಂತೆ ಸಮನಾಗಿ ಕೂರಿಸಿದ್ದನ್ನು ನೋಡಿ ಯಜಮಾನರು ನಕ್ಕಿದ್ದರು. "ಚೂರು ಸೊಟ್ಟ ಕೂರ್ಸಮ್ಮ ಒಂದನ್ನ. ಪೂರ್ತಿ ನೆಟ್ಟಗಿದ್ರೆ ಯಾರೂ ನಂಬಲ್ಲ." ಅಂದಿನಿಂದ ಪ್ರತಿಯೊಂದು ಸೆಟ್ಟಿನಲ್ಲೂ ಒಂದು ಹಲ್ಲನ್ನು ಅವಳು ಕೂದಲೆಳೆಯಷ್ಟು ತಿರುಗಿಸುತ್ತಾಳೆ. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಬಂದವರಿಗೆಲ್ಲ ಹೇಳಿದ ಸುಳ್ಳಿನಲ್ಲೂ ಅವಳು ಹೀಗೆಯೇ ಒಂದನ್ನು ತಿರುಗಿಸಿದ್ದಳು. ಕೊನೆಯ ತನಕ ಕೈ ಹಿಡಿದುಕೊಂಡೇ ಇದ್ದೆ ಅಂದಷ್ಟೇ ಹೇಳಿದ್ದರೆ ಸಾಕಿತ್ತು. ಬಲಗೈ ಬೆಚ್ಚಗಿತ್ತು, ಎಡಗೈ ಮಾತ್ರ ತಣ್ಣಗಾಗ್ತಾ ಬಂತು, ಉಜ್ಜಿದೆ ಅಂದಳು. ಯಾರೂ ಕೇಳಿರಲಿಲ್ಲ. ಎಲ್ಲರೂ ನಂಬಿದರು.

"ಮೂರಕ್ಕೇ ಹೊರಡ್ತೀಯಂತೆ ಇವತ್ತು?" ಎಂದ ಸುಣ್ಣದಣ್ಣ. ಅಚ್ಚು ಹೊಯ್ಯುವವನು, ಹುಬ್ಬು, ಮೂಗಿನ ತುದಿ, ಕಿವಿಯ ಮಡಿಕೆ ಎಲ್ಲ ಬಿಳಿ, ಸೀನಿದರೆ ಹೊಗೆಯೇಳುತ್ತದೆ.

"ಹೂಂ. ಚರ್ಚಿದೆ."

"ನಿಮ್ಮಲ್ಲಿ ಎಲ್ರಿಗೂ ಒಟ್ಟಿಗೇ ಕ್ಷಮಿಸಿಬಿಡ್ತಾರಂತಲ್ಲ? ಸಗಟು ವ್ಯಾಪಾರದ ಥರ?"

"ಮೊದಲು ಒಟ್ಟಿಗೆ ಕೇಳ್ತಾರೆ. ಆಮೇಲೆ ಒಬ್ಬೊಬ್ರ ತಲೆ ಮೇಲೂ ಕೈ ಇಡ್ತಾರೆ."

"ನಂದೂ ಒಂದು ತಲೆ ತಗೊಂಡು ಹೋಗಮ್ಮ ತಾಯಿ, ಧೂಳು ಕೊಡವಿ ಕೊಡ್ತೀನಿ." ಅವನು ತನ್ನ ಮಾತಿಗೆ ತಾನೇ ನಕ್ಕು, ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸತೊಡಗಿದ. "ಅಲ್ಲ, ನಿನಗ್ಯಾಕೆ ಅದೆಲ್ಲ? ಬೆಳಗಿಂದ ಸಂಜೆ ತನಕ ಹಲ್ಲು ಅಂಟಿಸ್ತಾ ಕೂತಿರ್ತೀಯ. ಪಾಪ ಮಾಡೋಕೆ ಪುರುಸೊತ್ತಾದ್ರೂ ಯಾವಾಗ?"

ಕಾಲು ಗಂಟೆ ಸಾಕು ಅಣ್ಣ ಎಂದು ಹೇಳಬೇಕೆನ್ನಿಸಿತು. ಬದಲಿಗೆ ನಕ್ಕಳು. ನಗುವಾಗ ಎಡಗೆನ್ನೆಯ ಒಳಭಾಗವನ್ನು ಹಲ್ಲಿಗೆ ಸಿಕ್ಕಿಸಿಕೊಳ್ಳುವುದು ಅವಳಿಗೆ ಒಂದು ವರ್ಷದಿಂದ ಅಭ್ಯಾಸವಾಗಿತ್ತು. ಅಲ್ಲಿ ಸಣ್ಣದೊಂದು ಗಂಟು ಕಟ್ಟಿತ್ತು, ನಾಲಿಗೆ ಆಗಾಗ ಹೋಗಿ ಮುಟ್ಟಿ ಬರುತ್ತಿತ್ತು. ಮೇಜಿನ ಕೆಳಗಿನ ಖಾನೆಯಲ್ಲಿ, ಹತ್ತಿಯಲ್ಲಿ ಸುತ್ತಿ, ಅಜ್ಜಿಯ ಸೆಟ್ಟು ಇದೆ. ಅವಳು ಮಾಡಿದ ಮೊದಲ ಸೆಟ್ಟು. ಅಜ್ಜಿ ಅದನ್ನು ಹಾಕಿಕೊಂಡ ದಿನ ಕನ್ನಡಿಯ ಮುಂದೆ ನಿಂತು, "ಯಾವಳೇ ಇವಳು, ಕಚ್ಚೋ ಹಾಗೆ ನಿಂತಿದಾಳೆ" ಎಂದಿದ್ದಳು. ಆಮೇಲೆ ಅದು ಹಗಲೆಲ್ಲ ಬಾಯಲ್ಲೂ ರಾತ್ರಿಯೆಲ್ಲ ಗಾಜಿನ ಲೋಟದ ನೀರಲ್ಲೂ ಇರುತ್ತಿತ್ತು; ನೀರಿನಲ್ಲಿ ಅದು ಒಬ್ಬಂಟಿಯಾಗಿ ನಗುತ್ತಿದ್ದುದನ್ನು ನೋಡಿ ಅವಳು ಎಷ್ಟೋ ಸಲ ಲೋಟದ ಮೇಲೆ ಕರವಸ್ತ್ರ ಹೊದಿಸಿದ್ದುಂಟು. ಅಜ್ಜಿ ತೀರಿಕೊಂಡ ದಿನ ಬೆಳಿಗ್ಗೆ ಕರವಸ್ತ್ರ ತೆಗೆದಾಗ ಆಗಲೇ ಬಿಸಿಲು ಬಿದ್ದಿತ್ತು. ಅಜ್ಜಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬರುತ್ತಿತ್ತು, ಹತ್ತಿರ ಬಗ್ಗಿ ಹಿಡಿದುಕೊಳ್ಳಬೇಕಿತ್ತು. "ಚಿಕ್ಕವಳಿಗೆ ಹೇಳು." ಯಾರಿಗಜ್ಜಿ? "ನಿನ್ನ ಚಿಕ್ಕಮ್ಮಂಗೆ. ಆಯ್ತು, ಎದ್ದೇಳು ಅಂತ ಹೇಳು." ಅಷ್ಟೇ. ಆಮೇಲೆ ಸ್ವಲ್ಪ ಸುಧಾರಿಸಿಕೊಂಡು, "ಹೇಳ್ತೀಯಾ? ಮಾತು ಕೊಡು." ಕೊಟ್ಟೆ ಅಜ್ಜಿ ಅಂದಳು. ಅಂದು, ಲೋಟ ಎತ್ತಿಕೊಂಡು, ಹಲ್ಲು ತೊಳೆದು ತರುತ್ತೇನೆಂದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನಿಂತುಬಿಟ್ಟಳು.

ಆ ಮನೆಯ ಮಕ್ಕಳು ತಪ್ಪು ಮಾಡಿದರೆ ಅಜ್ಜಿ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮೊಣಕಾಲೂರಿಸುತ್ತಿದ್ದಳು. ಸಮಯದ ಲೆಕ್ಕವಿರಲಿಲ್ಲ. ಅಜ್ಜಿಯೇ ಬಂದು ನೆತ್ತಿಯ ಮೇಲೆ ಅಂಗೈಯಿಟ್ಟು "ಆಯ್ತು, ಎದ್ದೇಳು" ಅನ್ನುವ ತನಕ ಏಳುವಂತಿಲ್ಲ. ಅಂದ ಮೇಲೆ ಆ ತಪ್ಪಿನ ಸುದ್ದಿ ಯಾರೂ ಎತ್ತುವಂತಿಲ್ಲ. ಅಮ್ಮ ಹಾಗೆ ಬೆಳೆದಳು, ಚಿಕ್ಕಮ್ಮ ಹಾಗೆ ಬೆಳೆದಳು, ಅವಳೂ ಹಾಗೆಯೇ. ಒಂದು ಸಲ ಅಜ್ಜಿ ಚಿಕ್ಕಮ್ಮನನ್ನು ಮೂಲೆಯಲ್ಲಿ ಕೂರಿಸಿ ಮರೆತು ಪೇಟೆಗೆ ಹೋದಳಂತೆ. ಹೊತ್ತು ಮುಳುಗುವಾಗ ಬಂದು ನೋಡಿದರೆ ಚಿಕ್ಕಮ್ಮ ಅಲ್ಲೇ, ಗೋಡೆಗೆ ಹಣೆಯೂರಿಕೊಂಡು, ನಿದ್ದೆ ಹೋಗಿ, ಆದರೂ ಮೊಣಕಾಲ ಮೇಲೆಯೇ. ಪಕ್ಕದ ಮನೆಯವರು ಬಂದು ಎಬ್ಬಿಸಿದರೂ ಎದ್ದಿರಲಿಲ್ಲವಂತೆ. "ನೀವು ಹೇಳಿದ್ರೆ ಹೇಗಾಗುತ್ತೆ, ನಮ್ಮಮ್ಮ ಹೇಳ್ಬೇಕು" ಎಂದಿದ್ದಳಂತೆ. ಇದನ್ನು ಅಜ್ಜಿ ನಗುವ ಕಥೆಯಾಗಿ ಹೇಳುತ್ತಿದ್ದಳು, ಮುಂಚೆ. ಅಮ್ಮ ಹೋದಮೇಲೆ ಹೇಳುವುದನ್ನು ಬಿಟ್ಟಳು.

ಲ್ಯಾಬಿನಿಂದ ಚರ್ಚಿಗೆ ನಡೆದರೆ ಇಪ್ಪತ್ತು ನಿಮಿಷ. ಕೀಲಿಕೈ ಮಾಡುವವನ ಅಂಗಡಿ, ಬಣ್ಣ ಹೋದ ಕುರ್ಚಿಗಳ ಕ್ಷೌರದಂಗಡಿ, ಆಮೇಲೆ ಆಸ್ಪತ್ರೆಯ ಉದ್ದ ಗೋಡೆ. ಈ ಗೋಡೆಯ ಪಕ್ಕ ಬಂದಾಗ ಅವಳು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾಳೆ, ಆಚೆ ಬದಿಯಲ್ಲಿ ಟೀ ಅಂಗಡಿ ಇರುವುದು ನೆನಪಾಗಿ ಮತ್ತೆ ಈಚೆಗೆ ಬರುತ್ತಾಳೆ. ಒಂಬತ್ತು ವರ್ಷದವಳು ಅಜ್ಜಿಯ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಗಂಜಿಯ ಫ್ಲಾಸ್ಕು ಹಿಡಿದು ಆ ಗೇಟಿನಿಂದ ಒಳಗೆ ಹೋಗಿದ್ದಳು. ಅಮ್ಮನ ಮಂಚದ ಪಕ್ಕದ ಸ್ಟೂಲು ಖಾಲಿಯಿತ್ತು. ಸ್ಟೂಲಿನ ಮೇಲೆ ಚಿಕ್ಕಮ್ಮನ ಶಾಲು ಇತ್ತು, ಮಡಿಸಿ, ಈಗ ಬಂದೆ ಅನ್ನುವ ಹಾಗೆ. ಅಮ್ಮನ ಮುಖ ಬಾಗಿಲ ಕಡೆ ತಿರುಗಿತ್ತು, ಉಸಿರಿರಲಿಲ್ಲ. ಅಜ್ಜಿ ಫ್ಲಾಸ್ಕು ತೆಗೆದುಕೊಂಡು ನೆಲದ ಮೇಲಿಟ್ಟಳು, ನಿಧಾನವಾಗಿ, ಚೆಲ್ಲಬಾರದೆಂಬಂತೆ. ಆಗ ಚಿಕ್ಕಮ್ಮ ಬಂದಳು. ಎರಡು ಕೈಯಲ್ಲೂ ಎರಡು ಪೇಪರ್ ಲೋಟ ಟೀ, ಒಂದು ತನಗೆ, ಒಂದು ಅಜ್ಜಿಗೆ, ಮೇಲೆ ಹೊಗೆ. ಅಜ್ಜಿ ಅಂದದ್ದು ಒಂದೇ ಮಾತು: "ನನಗೆ ನಿನ್ನ ಮುಖ ತೋರಿಸಬೇಡ."

ಚಿಕ್ಕಮ್ಮ ತೋರಿಸಲಿಲ್ಲ. ಬೇರೆಯವರಾಗಿದ್ದರೆ ನಾಲ್ಕು ದಿನ ಬಿಟ್ಟು ಬಂದು ಕಾಲಿಗೆ ಬೀಳುತ್ತಿದ್ದರು, ಇಲ್ಲ ಬೇರೆ ಊರಿಗೆ ಹೋಗುತ್ತಿದ್ದರು. ಚಿಕ್ಕಮ್ಮ ಎರಡನ್ನೂ ಮಾಡಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿದ್ದುಕೊಂಡು, ನೆಲ ಒರೆಸಿ, ಗಂಟೆ ಹೊಡೆದು, ವೇದಿಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ ಹಿಡಿದಳು. ಭಾನುವಾರ ಅಜ್ಜಿ ಬಲಗಡೆಯ ಮೂರನೆಯ ಬೆಂಚಿನಲ್ಲಿ ಕೂತರೆ ಚಿಕ್ಕಮ್ಮ ಎಡಗಡೆಯ ಕಂಬದ ಹಿಂದೆ ನಿಲ್ಲುತ್ತಿದ್ದಳು, ಅಜ್ಜಿ ತಿರುಗಿದಂತೆ ತಾನೂ ಕಂಬದ ಸುತ್ತ ಸರಿಯುತ್ತ, ಬಿಸಿಲು ಗಡಿಯಾರದ ನೆರಳಿನಂತೆ. ಹೋದ ವರ್ಷ ಅಜ್ಜಿಯ ಶವಪೆಟ್ಟಿಗೆ ತೆರೆದಿಟ್ಟಿದ್ದಾಗ ಕೂಡ ತಲೆಯ ಹಿಂಬದಿಯಲ್ಲಿ ನಿಂತಿದ್ದಳು, ಸತ್ತವಳ ಮುಚ್ಚಿದ ಕಣ್ಣಿಗೂ ಮುಖ ಬೀಳಬಾರದೆಂಬಂತೆ. ನೋಡಿದವರು ಕಲ್ಲು ಮನಸ್ಸಿನವಳು ಅಂದರು. ನಿಜ ಏನೆಂದು ಗೊತ್ತಿದ್ದವಳು ಒಬ್ಬಳೇ, ಅವಳು ಎಡಗೆನ್ನೆ ಕಚ್ಚಿಕೊಂಡಿದ್ದಳು.

ಚರ್ಚಿನ ಮೆಟ್ಟಿಲ ಹತ್ತಿರ ಕೊಡೆ ಅತ್ತೆ ಸಿಕ್ಕಿದಳು. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದವಳು, ಊರಿಗೆಲ್ಲ ಅತ್ತೆ. "ಬಾ ನನ್ನ ಬಂಗಾರ. ವರ್ಷ ಆಯ್ತಲ್ಲೇ ನಿಮ್ಮಜ್ಜಿ ಹೋಗಿ. ಹೋದ ಸಲ ಈ ಸೇವೆಗೆ ನೀನು ಬರಲಿಲ್ಲ, ಜ್ವರ ಅಂದ್ರು. ನಾನು ನನ್ನ ಸೊಸೆಗೆ ಯಾವಾಗ್ಲೂ ಹೇಳ್ತಿರ್ತೀನಿ, ನೋಡು, ಮೊಮ್ಮಗಳು ಅಂದ್ರೆ ಅವಳು, ಕೊನೇ ಉಸಿರಿನ ತನಕ ಕೈ ಬಿಡಲಿಲ್ಲ. ಎಡಗೈ ಉಜ್ಜಿದಳಂತೆ ಅಂತ." ಅತ್ತೆ ಅವಳ ಕೈಯನ್ನೇ ಎತ್ತಿ, ತಿರುಗಿಸಿ, ಅದರಲ್ಲಿ ಏನೋ ಬರೆದಿರುವಂತೆ ನೋಡಿದಳು. "ಇದೇ ಕೈ ಅಲ್ವಾ?" ಉಗುರಿನ ಸಂದಿಯಲ್ಲಿ ಗುಲಾಬಿ ಮೇಣವಿತ್ತು. ಅವಳು ಕೈ ಬಿಡಿಸಿಕೊಳ್ಳಲಾರದೆ, ಹೂಂ ಅನ್ನಲೂ ಆರದೆ ನಿಂತಳು. ಅತ್ತೆ ಅದನ್ನು ವಿನಯವೆಂದುಕೊಂಡಳು.

ಈ ಸೇವೆಗೆ ಬರುವವರು ಮುಂಚೆ ಪಾಸ್ಟರ ಕೋಣೆಗೆ ಹೋಗಿ ಹೆಸರು ಹೇಳಿ ಬರುವುದು ಲೂಥರನ್ ಸಭೆಯ ಹಳೆಯ ಪದ್ಧತಿ. ಬೇರೆ ಕಡೆಯೆಲ್ಲ ಬಿಟ್ಟುಹೋಗಿದೆಯಂತೆ. ಇಲ್ಲಿ ಉಳಿದಿರುವುದು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗದ್ದರಿಂದ. ಪಾಸ್ಟರ್ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಬರೆಯುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಈಸ್ಟರ್ ಮುಗಿಯಲಿ, ಆಪರೇಷನ್ ಮಾಡಿಸ್ತೀನಿ ಎಂದು ಮೂರು ಈಸ್ಟರ್ ಮುಗಿಸಿದ್ದರು. ಹೆಸರು ಬರೆದಾದಮೇಲೆ ಕೇಳುವುದು ಒಂದೇ ಪ್ರಶ್ನೆ.

"ಯಾರ ಜೊತೆಗಾದ್ರೂ ಮಾತು ಬಿಟ್ಟಿದೀಯೇನಮ್ಮ?"

"ಇಲ್ಲ ಪಾಸ್ಟರ್."

ಅದು ಸುಳ್ಳಲ್ಲ. ಚಿಕ್ಕಮ್ಮನ ಜೊತೆ ಅವಳು ಮಾತು ಬಿಟ್ಟಿಲ್ಲ. ಶೀತ ಹೋಯ್ತಾ, ಹೋಯ್ತು; ಬಸ್ಸು ಸಿಕ್ತಾ, ಸಿಕ್ತು. ಮಾತು ಬಿಟ್ಟಿಲ್ಲ, ಇಟ್ಟುಕೊಂಡಿದ್ದಾಳೆ. ಹಾಗೆ ಯಾರೂ ಕೇಳುವುದಿಲ್ಲ.

ಪಾಸ್ಟರ್ ಪೆನ್ನಿನ ಮುಚ್ಚಳಕ್ಕಾಗಿ ಮೇಜೆಲ್ಲ ತಡಕಿದರು. ಅವಳು ಎತ್ತಿಕೊಟ್ಟಳು. "ನೀನು ಮನೆಯವಳು ಅಂತ ಹೇಳ್ತೀನಿ. ನಿನ್ನ ಚಿಕ್ಕಮ್ಮಂಗೆ ಈ ಸಲನೂ ಕೇಳಿದೆ, ಹೆಸರು ಬರ್ಕೊಳ್ಳಲೇನಮ್ಮ ಅಂತ. ಹನ್ನೆರಡು ವರ್ಷದಿಂದ ಒಂದೇ ಉತ್ತರ, ಬೇಡ. ಮುಂಚೆ, ನಮ್ಮಮ್ಮ ಕೂತಿದಾಳೆ, ಅವಳ ಮುಂದೆ ಹೆಂಗೆ ಬರಲಿ ಅನ್ನೋಳು. ಈಗೇನಂತೆ ಗೊತ್ತಾ? ನನ್ನ ಮೇಲೆ ಬೇಜಾರಿಟ್ಕೊಂಡೋರು ಮಣ್ಣಿಗೆ ಹೋಗಿಬಿಟ್ರು, ಇನ್ನು ಯಾರ ಹತ್ರ ಹೋಗಿ ಸರಿ ಮಾಡ್ಕೊಂಡು ಬರಲಿ ಪಾಸ್ಟರ್, ನನಗಿನ್ನು ಆ ಜಾಗ ಇಲ್ಲ ಅಂತ." ಮುಚ್ಚಳವನ್ನು ಪೆನ್ನಿನ ತಪ್ಪು ತುದಿಗೆ ಹಾಕಲು ನೋಡಿದರು. "ನಾನು ಬಾಯಿ ನೋವು ಬರೋ ಹಾಗೆ ಹೇಳಿದೆ, ದೇವರು ಕ್ಷಮಿಸಿಯಾಗಿದೆ ತಾಯಿ ಅಂತ. ನನ್ನದೇನಿದೆ ಅದರಲ್ಲಿ, ನಾನು ಬರೀ ಪೋಸ್ಟ್‌ಮನ್ನು, ಬರೆದೋನು ಬೇರೆ. ಕೇಳಿ ತಲೆ ಆಡಿಸ್ತಾಳೆ. ದೇವರ ಕಾಗದ ತಲುಪ್ತು ಪಾಸ್ಟರ್, ನಮ್ಮಮ್ಮಂದು ತಲುಪಲಿಲ್ಲ ಅಂತಾಳೆ."

ಕೋಣೆಯ ಹೊರಗೆ ಬಂದಾಗ ಅವಳ ಕಿವಿ ಬಿಸಿಯಾಗಿತ್ತು. ಅಲ್ಲಿ, ಬಾಗಿಲ ಪಕ್ಕದ ಮೇಜಿನ ಹಿಂದೆ, ಹಾಡಿನ ಪುಸ್ತಕಗಳ ರಾಶಿಯ ಆಚೆ, ಚಿಕ್ಕಮ್ಮ ನಿಂತಿದ್ದಳು, ಯಾವಾಗಿನಂತೆ ಅರ್ಧ ತಿರುಗಿ, ಒಂದು ಕಿವಿ, ಒಂದು ಕೆನ್ನೆ, ಬಿಗಿದ ತುರುಬು. ಅವಳಿಗೆ ಥಟ್ಟನೆ ಅನ್ನಿಸಿತು, ಚಿಕ್ಕಮ್ಮನ ಮುಖ ಎದುರಿನಿಂದ ಹೇಗಿದೆ ಎಂದು ಕೇಳಿದರೆ ತನಗೆ ಹೇಳಲು ಬರುವುದಿಲ್ಲ. ಚಿಕ್ಕಮ್ಮ ಪುಸ್ತಕವೊಂದನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ಹೊಟ್ಟೆಗೇನಾದ್ರೂ ತಿಂದ್ಯಾ?"

"ತಿಂದೆ ಚಿಕ್ಕಮ್ಮ. ನೀವು?"

"ಆಯ್ತು."

ಆಯ್ತು. ಆ ಪದ ಅವಳ ಬಾಯಲ್ಲೂ ಇತ್ತು, ಬೇರೆಯ ಕೆಲಸಕ್ಕೆ. ಈಗ ಹೇಳಬಹುದು, ಇಲ್ಲೇ, ಹಾಡಿನ ಪುಸ್ತಕ ತೆಗೆದುಕೊಳ್ಳುತ್ತ. ಹಿಂದಿನಿಂದ ಯಾರೋ ಕೆಮ್ಮಿದರು. ಅವಳು ಮುಂದೆ ಹೋದಳು.

ಮುದುಕರೇ ಹೆಚ್ಚಿರುವ ಸಭೆಯಾದ್ದರಿಂದ ಸೇವೆ ನಾಲ್ಕು ಗಂಟೆಗೇ. ಕಿಟಕಿಗಳ ಬಿಸಿಲು ಬೆಂಚುಗಳ ಮೇಲೆ ಓರೆಯಾಗಿ ಬಿದ್ದು, ನಲವತ್ತು ತಲೆಗಳಲ್ಲಿ ಕೆಲವನ್ನು ಬೆಳಗಿ ಕೆಲವನ್ನು ಬಿಟ್ಟಿತ್ತು. ವೇದಿಯ ಮೇಲೆ ಉಪವಾಸ ಕಾಲದ ನೇರಳೆ ಬಟ್ಟೆ. ಪಾಸ್ಟರ್ ಪುಸ್ತಕ ನೋಡದೆ, ನೋಡಿದರೂ ಕಾಣದೆ, ಬಾಯಿಪಾಠದಿಂದ ಕೇಳಿದರು: ನೀವು ಪಾಪ ಮಾಡಿದ್ದೀರೆಂದು ಒಪ್ಪುತ್ತೀರೋ? ಹೌದು ಎಂದಿತು ಸಭೆ. ಅದಕ್ಕಾಗಿ ದುಃಖಪಡುತ್ತೀರೋ? ಹೌದು. ಕಿವುಡಾಗುತ್ತಿರುವ ಆರ್ಗನ್ ತಾತನ ಹೌದು ಪ್ರತಿ ಸಲವೂ ಎಲ್ಲರದು ಮುಗಿದ ಮೇಲೆ ಒಂದೇ ಒಂದಾಗಿ ಬರುತ್ತಿತ್ತು, ಯೋಚಿಸಿ ಹೇಳಿದಂತೆ. ನಿಮ್ಮ ನೆರೆಯವರಿಗೆ ಮಾಡಿದ್ದನ್ನು ಸರಿಪಡಿಸಲು ಮನಸ್ಸುಳ್ಳವರಾಗಿದ್ದೀರೋ? ಹೌದು ಎಂದು ಅವಳ ತುಟಿ ಮಾತ್ರ ಅಲುಗಿತು. ಕಿವಿಯೊಳಗೆ ಆ ಬೆಳಗಿನ ಬಚ್ಚಲ ನಲ್ಲಿಯ ನೀರು ಸುರಿಯುತ್ತಿತ್ತು. ಅಂಗೈಯಲ್ಲಿ ಹಲ್ಲಿನ ಸೆಟ್ಟು, ಅದರ ಮೇಲೆ ನೀರು. ಆಗಲೇ ಶುಭ್ರವಾಗಿತ್ತು, ಆದರೂ ತೊಳೆಯುತ್ತಿದ್ದಳು. ಇಷ್ಟೇನಾ? ಇಷ್ಟು ಅಗ್ಗವಾ? ನನ್ನಮ್ಮ ಬಾಗಿಲ ಕಡೆ ನೋಡುತ್ತ ಒಬ್ಬಳೇ ಹೋದಳು, ಅದಕ್ಕೆ ಎರಡು ಪದ, ಆಯ್ತು, ಎದ್ದೇಳು? ಕ್ಷಮಿಸಲು ಅಜ್ಜಿ ಯಾರು, ಸತ್ತದ್ದು ನನ್ನ ಅಮ್ಮ, ನನ್ನನ್ನು ಯಾರು ಕೇಳಿದರು? ಮೂರು ವರ್ಷ ಮಲ ಮೂತ್ರ ಬಾಚಿದವಳು ನಾನು, ಕೊನೆಯ ಮಾತು ಕಂಬದ ಹಿಂದೆ ನಿಂತವಳಿಗೆ. ಹೀಗೆ ಯೋಚಿಸುತ್ತ ನೀರು ನಿಲ್ಲಿಸುವುದನ್ನು ಮರೆತು ನಿಂತವಳು ಕೋಣೆಗೆ ವಾಪಸು ಬಂದಾಗ ಅಜ್ಜಿಯ ಮುಖ ಬಾಗಿಲ ಕಡೆಗಿತ್ತು. ಬಾಗಿಲ ಕಡೆಗೇ. ಅವಳು ಸೆಟ್ಟನ್ನು ಮತ್ತೆ ಲೋಟಕ್ಕೆ ಹಾಕಿ, ಮಂಚದ ಮೇಲೆ ಕೂತು, ಆಗ ಕೈ ಹಿಡಿದುಕೊಂಡಳು. ಎರಡೂ ಕೈ ಒಂದೇ ಸಮನಾಗಿ ತಣ್ಣಗಿದ್ದವು.

ಪಾಸ್ಟರ್ ಕೈ ತೊಳೆದು ಒರೆಸಿಕೊಂಡು ವೇದಿಯ ಮುಂದಿನ ಕಟಾಂಜನದ ಒಳಗೆ ನಿಂತರು. ಜನ ಎದ್ದು, ಎಂಟೆಂಟು ಮಂದಿಯಾಗಿ ಹೋಗಿ ಮೊಣಕಾಲೂರತೊಡಗಿದರು. ಪಾಸ್ಟರದು ಇಬ್ಬಿಬ್ಬರ ಲೆಕ್ಕ. ಬಲಗೈ ಒಂದು ತಲೆಗೆ, ಎಡಗೈ ಪಕ್ಕದ ತಲೆಗೆ, ನಿಮ್ಮಿಬ್ಬರ ಪಾಪಗಳೂ ಕ್ಷಮಿಸಲ್ಪಟ್ಟಿವೆ, ಸಮಾಧಾನದಿಂದ ಹೋಗಿರಿ. ಹಾಗಾಗಿ ಈ ಸಭೆಯಲ್ಲಿ ಎಲ್ಲರಿಗೂ ಒಬ್ಬ ಜೊತೆಗಾರ ಇರುತ್ತಾನೆ. ಗಂಡನಿಗೆ ಹೆಂಡತಿ, ಅತ್ತೆಗೆ ಸೊಸೆ. ಜಗಳವಾಡಿದವರನ್ನು ಬೇಕೆಂದೇ ಜೊತೆಗೆ ಕೂರಿಸಿ ತಮಾಷೆ ನೋಡುವುದೂ ಉಂಟು. ಅವಳ ಜೊತೆ ಯಾವಾಗಲೂ ಅಜ್ಜಿ. ಚಿಕ್ಕವಳಿದ್ದಾಗ ಪಾಸ್ಟರ ಕೈ ಅಜ್ಜಿಯ ತಲೆಗೆ ಎತ್ತರವಾಗಿಯೂ ತನ್ನ ತಲೆಗೆ ತಗ್ಗಾಗಿಯೂ ಇಳಿಯುತ್ತಿತ್ತು. ವರ್ಷ ವರ್ಷಕ್ಕೆ ತಾನು ಬೆಳೆದು, ಅಜ್ಜಿ ಕುಗ್ಗಿ, ಒಂದು ಈಸ್ಟರಿನಲ್ಲಿ ಎರಡು ಕೈಯೂ ಒಂದೇ ಮಟ್ಟಕ್ಕೆ ಬಂದಿದ್ದವು. ಆಮೇಲೆ ಅಜ್ಜಿ ಇನ್ನೂ ತಗ್ಗಿದಳು.

ಅವಳು ಸರದಿಯಲ್ಲಿ ಹಿಂದೆ ಹಿಂದೆ ಸರಿಯುತ್ತ ಕೊನೆಯವಳಾದಳು. ಮೊಣಕಾಲೂರಿದಾಗ ಬಲಗಡೆ ಯಾರೂ ಇರಲಿಲ್ಲ. ಬಲಗೈ ಅವಳ ತಲೆಯ ಮೇಲೆ ಬಂತು, ಒಣಗಿದ, ಹಗುರಾದ ಕೈ. ಪಕ್ಕದಲ್ಲಿ ನೆರಳಾಡಿದ್ದಕ್ಕೆ ಅವಳು ಕಣ್ಣು ಮಾತ್ರ ತಿರುಗಿಸಿದಳು. ಪಾಸ್ಟರ ಎಡಗೈ ಗಾಳಿಯಲ್ಲಿತ್ತು. ಖಾಲಿ ಜಾಗದ ಮೇಲೆ, ತಗ್ಗಿನಲ್ಲಿ, ಕುಗ್ಗಿದ ಒಬ್ಬಳು ಮುದುಕಿಯ ತಲೆಯಿರಬೇಕಾದ ಕಡೆ, ಬೆರಳು ಸ್ವಲ್ಪ ಮಡಿಸಿ, ಏನನ್ನೋ ಮುಟ್ಟಿದಂತೆಯೇ ನಿಂತಿತ್ತು. "ನಿಮ್ಮಿಬ್ಬರ ಪಾಪಗಳೂ" ಎಂದರು ಪಾಸ್ಟರ್, ಕಾಣದ ಕಣ್ಣನ್ನು ಅರೆಮುಚ್ಚಿ, "ನಿಮ್ಮಿಬ್ಬರ ಪಾಪಗಳೂ ಕ್ಷಮಿಸಲ್ಪಟ್ಟಿವೆ."

"ಅಯ್ಯೋ, ಒಬ್ಬಳೇ ಇದಾಳೆ ಪಾಸ್ಟರ್" ಎಂದು ಮೊದಲ ಬೆಂಚಿನಿಂದ ಕೊಡೆ ಅತ್ತೆಯ ಪಿಸುಮಾತು ಇಡೀ ಚರ್ಚಿಗೆ ಕೇಳಿಸಿತು. ಯಾರೋ ನಗು ತಡೆದುಕೊಂಡರು. "ಓ" ಎಂದರು ಪಾಸ್ಟರ್. ಎಡಗೈ ಗಾಬರಿಯಾಗಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಂದು ಅವಳ ತಲೆಯ ಮೇಲೆಯೇ ಕೂತಿತು. ಈಗ ಎರಡು ಕೈ. ಯಾರದೋ ದೊಡ್ಡ ಟೋಪಿ ಹಾಕಿಸಿಕೊಂಡ ಮಗುವಿನಂತೆ ಅವಳು ತಲೆ ತಗ್ಗಿಸಿದಳು. ಮುಖ ಕಾದು ಕೆಂಪಾಯಿತು. ಆದರೆ ಆ ಅವಮಾನದ ಕೆಳಗೆ, ತಣ್ಣಗೆ, ಒಂದು ವಿಷಯ ಅವಳಿಗೆ ಕಾಣುತ್ತಿತ್ತು. ಆ ಎರಡನೆಯ ಕೈ ಅವಳದಲ್ಲ. ತನ್ನ ತಲೆಗೆ ಬಂದಿದೆ, ತನ್ನದಲ್ಲ. ಬೇರೆಯವರದನ್ನು ಇಟ್ಟುಕೊಂಡು ಎಷ್ಟು ದಿನ ಹೀಗೆ ಬಗ್ಗಿರುವುದು?

ಕಟ್ಟಕಡೆಯ ಹಾಡು ಮುಗಿದಮೇಲೆ ಯಾರೂ ಯಾರಿಗೂ ನಮಸ್ಕಾರ ಹೇಳದೆ ಹೋಗಬೇಕು. ಈ ಗುರುವಾರದ ನಿಯಮ ಅದು. ಕೊಡೆ ಅತ್ತೆಗೆ ಅದೊಂದು ಶಿಕ್ಷೆಯಾಗಿ, ತುಟಿ ಬಿಗಿದುಕೊಂಡು, ಕಣ್ಣಿನಲ್ಲೇ ನಾಲ್ಕು ಮಾತಾಡಿ ಹೋದಳು. ಪಾಸ್ಟರ್ ಬೆಂಚಿನ ಬೆನ್ನು ಹಿಡಿದುಕೊಂಡು ಹೋದರು. ಚಿಕ್ಕಮ್ಮ ಬಂದು ಮರುದಿನದ ಗುಡ್ ಫ್ರೈಡೇಗೆಂದು ವೇದಿಯನ್ನು ಬರಿದು ಮಾಡತೊಡಗಿದಳು. ಮೇಣದ ಬತ್ತಿಗಳು, ಬೈಬಲ್ಲು, ಬಟ್ಟಲು. ಒಂದೊಂದನ್ನೇ ಒಳಗಿನ ಕೋಣೆಗೆ ಒಯ್ದಿಟ್ಟು ಬರುತ್ತಿದ್ದಳು. ಕೊನೆಗೆ ಬಟ್ಟೆ. ಅದನ್ನು ವೇದಿಯ ಕಾಲುಗಳಿಗೆ ಕೆಳಗಡೆ ನಾಲ್ಕು ಕಡೆ ಲಾಡಿಯಿಂದ ಕಟ್ಟಿರುತ್ತದೆ, ಮೊಣಕಾಲೂರಿ ಬಿಚ್ಚಬೇಕು.

"ಹೋಗ್ಲಿಲ್ವಾ?" ಎಂದಳು ಚಿಕ್ಕಮ್ಮ, ಬೆನ್ನು ತಿರುಗಿಸಿಕೊಂಡೇ.

"ಇಲ್ಲ."

"ಹಾಗಿದ್ರೆ ಆ ತುದಿ ಹಿಡ್ಕೊ. ನೆಲಕ್ಕೆ ತಾಗಿಸಬೇಡ."

ಮೂರು ಲಾಡಿ ಬಿಚ್ಚಿ ಮೇಲಿನ ನೇರಳೆ ಬಟ್ಟೆಯನ್ನು ಎಳೆದುಕೊಂಡರು. ಅಡಿಯ ಬಿಳಿ ಬಟ್ಟೆ ನಾಲ್ಕನೆಯ ಗಂಟಿಗೆ ಸಿಕ್ಕಿಕೊಂಡು ಉಳಿಯಿತು. ಇಬ್ಬರೂ ಎರಡು ತುದಿ ಹಿಡಿದು ದೂರ ನಿಂತರು. ಚಿಕ್ಕಮ್ಮ ತಲೆ ತಗ್ಗಿಸಿ ಅಂಚಿಗೆ ಅಂಚು ಕೂಡಿಸುತ್ತಿದ್ದಳು. ಮೊದಲನೆಯ ಮಡಿಕೆಗೆ ಇಬ್ಬರೂ ಎರಡು ಹೆಜ್ಜೆ ಹತ್ತಿರ ಬಂದರು.

"ಚಿಕ್ಕಮ್ಮ. ನಾನು ಅಜ್ಜಿ ಕೈ ಹಿಡ್ಕೊಂಡಿರಲಿಲ್ಲ."

"ಏನು?"

"ಅಜ್ಜಿ ಹೋಗುವಾಗ. ಎಲ್ರಿಗೂ ಸುಳ್ಳು ಹೇಳಿದೀನಿ. ಬಚ್ಚಲಲ್ಲಿದ್ದೆ, ಹಲ್ಲು ತೊಳೀತಾ. ಕಾಲು ಗಂಟೆ. ಬಂದು ನೋಡಿದ್ರೆ ಆಗಿಹೋಗಿತ್ತು."

ಬಟ್ಟೆ ಅವರ ನಡುವೆ ಜೋತಾಡಿತು. ಚಿಕ್ಕಮ್ಮ ಅದನ್ನು ಎಳೆದು ಬಿಗಿಮಾಡಿದಳು.

"ನೀರು ಬಿಟ್ಟೇ ಇತ್ತಾ?"

"ಹೂಂ."

"ಅವತ್ತು ಆಸ್ಪತ್ರೆ ಎದುರು ಟೀ ಅಂಗಡೀಲಿ ರೇಡಿಯೋ ಹಾಕಿದ್ರು" ಎಂದಳು ಚಿಕ್ಕಮ್ಮ. "ಒಂದು ಹಾಡು ಬರ್ತಾ ಇತ್ತು. ಮುಗೀಲಿ, ಹೋಗೋಣ ಅಂತ ನಿಂತೆ. ಅಕ್ಕಂಗೆ ಇಷ್ಟ ಆ ಹಾಡು. ಹೋಗಿ ಹೇಳೋಣ ಅಂತ." ಎರಡನೆಯ ಮಡಿಕೆ. "ನೀನ್ಯಾಕೆ ಅಷ್ಟು ಹೊತ್ತು ನಿಂತೆ?"

"ಸಿಟ್ಟು ಬಂದಿತ್ತು."

"ನಮ್ಮಮ್ಮನ ಮೇಲಾ?"

"ನಿಮ್ಮ ಮೇಲೆ."

"ನಾನು ಅಲ್ಲಿರ್ಲೇ ಇಲ್ವಲ್ಲೇ, ನನ್ನ ಮೇಲ್ಯಾಕೆ?" ಅದರಲ್ಲಿ ಚೂರು ನಗುವಿತ್ತು, ಮೂಲೆಯಲ್ಲಿ ನಿದ್ದೆ ಹೋದ ಹುಡುಗಿಯದು. ಮೂರನೆಯ ಮಡಿಕೆಗೆ ಅವರ ಬೆರಳುಗಳು ತಾಗಿದವು. ಚಿಕ್ಕಮ್ಮನ ಬೆರಳು ಒರಟಾಗಿತ್ತು, ಗಂಜಿಹಾಕಿದ ಬಟ್ಟೆಯ ವಾಸನೆ.

"ಅಜ್ಜಿ ನಿಮಗೊಂದು ಮಾತು ಹೇಳಿ ಕಳಿಸಿದ್ಲು. ಅವತ್ತೇ, ಅದಕ್ಕೆ ಮುಂಚೆ. ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಹೇಳಲಿಲ್ಲ."

ಚಿಕ್ಕಮ್ಮ ಬಟ್ಟೆಯನ್ನು ಅವಳ ಕೈಯಿಂದ ಎಳೆದುಕೊಂಡಳು. ಎದೆಗೆ ಒತ್ತಿ ಹಿಡಿದಳು. "ವರ್ಷ ಆಯ್ತು" ಎಂದಳು. ಆಮೇಲೆ ಖಾಲಿ ಚರ್ಚಿನಲ್ಲಿ ಚಿಕ್ಕಮ್ಮನ ದನಿ ಏರಿತು, ಅವಳು ಎಂದೂ ಕೇಳಿರದ ದನಿ. "ಒಂದು ವರ್ಷ ಇಟ್ಕೊಂಡಿದ್ಯೇನೆ? ವಾರ ವಾರ ಪುಸ್ತಕ ಕೊಡ್ತಿದ್ದೆ ಕೈಗೆ. ವಾರ ವಾರ ಊಟ ಆಯ್ತಾ ಅಂತಿದ್ದೆ!"

"ಹೌದು."

ಆ ಹೌದು ಆರ್ಗನ್ ತಾತನದರಂತೆ ಒಂದೇ ಒಂದಾಗಿ, ತಡವಾಗಿ, ಗೋಡೆಗೆ ತಾಗಿ ಬಂತು.

ಚಿಕ್ಕಮ್ಮ ಮಡಿಸಿದ ಬಟ್ಟೆಯನ್ನು ಬೆಂಚಿನ ಮೇಲಿಟ್ಟಳು, ಸುಕ್ಕು ತೀಡಿದಳು. ಹೋಗಿಬಿಡುತ್ತಾಳೆ ಅನ್ನಿಸಿತು. ಹೋಗಲಿಲ್ಲ. ವೇದಿಯ ಹಿಂದಕ್ಕೆ ಹೋಗಿ, ಗೋಡೆಯ ಕಡೆಯ ಕಾಲಿನ ಹತ್ತಿರ, ಉಳಿದಿದ್ದ ನಾಲ್ಕನೆಯ ಲಾಡಿ ಬಿಚ್ಚಲು ಮೊಣಕಾಲೂರಿದಳು. ಗಂಟು ಬಿಗಿದಿತ್ತು. ಉಗುರಿನಿಂದ ಕೀಳುತ್ತ, ಗೋಡೆಗೆ ಮುಖ ಮಾಡಿಕೊಂಡೇ, ಸಣ್ಣ ದನಿಯಲ್ಲಿ ಅಂದಳು: "ಕೆಟ್ಟ ಮಾತಾದ್ರೆ ಹೇಳ್ಬೇಡ. ಹೆಂಗೋ ನಡ್ಕೊಂಡು ಹೋಗ್ತಿದೆ."

ಅವಳು ವೇದಿಯನ್ನು ಬಳಸಿ ಹೋದಳು. ಆರು ಹೆಜ್ಜೆಯೋ ಏನೋ. ಬಿಸಿಲು ಕಿಟಕಿಯಿಂದ ಇಳಿದು ಚಿಕ್ಕಮ್ಮನ ಬೆನ್ನಿನ ಮೇಲೆ ಬಿದ್ದಿತ್ತು. ಬೈತಲೆ ಅಗಲವಾಗಿತ್ತು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ಮೇಣ ಹತ್ತಿದ ಬೆರಳನ್ನು ಅವಳು ತನ್ನ ಬಟ್ಟೆಗೆ ಒರೆಸಿಕೊಂಡಳು. ಅಂಗೈಯನ್ನು ಅಲ್ಲಿಟ್ಟಳು. ಲಾಡಿಯ ಮೇಲಿನ ಬೆರಳು ನಿಂತಿತು. ಅದು ಯಾರ ಕೈಯ ರೀತಿಯೆಂದು ಚಿಕ್ಕಮ್ಮನಿಗೆ ತಿಳಿದಿರಬೇಕು. ಆ ಮನೆಯಲ್ಲಿ ಬೆಳೆದವರಿಗಲ್ಲದೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಿಗೆ ಎಡಗೆನ್ನೆಯ ಗಂಟನ್ನು ಮುಟ್ಟಿ ಬಂತು. ಅವಳು ಬಾಯಿ ತೆರೆದಳು.

"ಆಯ್ತು" ಎಂದಳು, ಅಜ್ಜಿ ಅನ್ನುತ್ತಿದ್ದ ಹಾಗೆಯೇ, ಗಾಳಿಯೇ ಹೆಚ್ಚಾಗಿ. "ಎದ್ದೇಳು."

ಚಿಕ್ಕಮ್ಮ ಒಂದು ಕೈಯನ್ನು ಗೋಡೆಗೆ ಕೊಟ್ಟಳು, ಇನ್ನೊಂದನ್ನು ವೇದಿಯ ಅಂಚಿಗೆ. ಮೊಣಕಾಲು ಲಟಕ್ಕೆಂದಿತು. ಎದ್ದಳು. ತಿರುಗಿ, ಮುಖ ತೋರಿಸಿದಳು.